ಪಾರ್ಕಿಂಗಿನಲ್ಲಿ ಇಪ್ಪತ್ತು ನಿಮಿಷ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಸೀರೆಯ ಸೆರಗು ಆ ಕಡೆಯಿಂದ ಸದಾ ಜಾರುತ್ತಿದ್ದುದರಿಂದ ಒಂದರ ಜಾಗದಲ್ಲಿ ಮೂರು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ಸೀರೆಯ ಕೆಳಗೆ ನೀಲಿ ಟ್ರ್ಯಾಕ್ ಪ್ಯಾಂಟು, ಅದರ ಕೆಳಗೆ ಬಿರುಕು ಬಿಟ್ಟ ಹಿಮ್ಮಡಿ, ಬೆಳ್ಳಿ ಕಾಲುಂಗುರ. ಯೋಗ ಹೇಳಿಕೊಡುವವರು ಅಂದರೆ ಪೋಸ್ಟರುಗಳಲ್ಲಿ ಸಮುದ್ರದ ಮುಂದೆ ಬಳ್ಳಿಯ ಹಾಗೆ ಬಳುಕುವವರು ಎಂದುಕೊಂಡಿದ್ದವನು ನಾನು. ಇವರನ್ನು ನೋಡಿದರೆ ಒಂದೇ ಮೊಳೆಗೆ ಅವಸರದಲ್ಲಿ ನೇತುಹಾಕಿದ ಫೋಟೊ ನೆನಪಾಗುತ್ತಿತ್ತು. ಮೊದಲ ದಿನವೇ ಇದನ್ನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ನನ್ನ ಪಿಸುಮಾತು ಆಸ್ಪತ್ರೆಯ ವಾರ್ಡಿನಲ್ಲಿ ಮೂರು ಬೆಡ್ಡಿನಾಚೆಗೂ ಕೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ.

“ಸೊಟ್ಟಗೇ ಇದೀನಿ ಕಣಪ್ಪ,” ಎಂದರು ಅವರು. “ನಾಲ್ಕು ವರ್ಷ ಮಗನ್ನ ಇದೇ ಸೊಂಟದ ಮೇಲೆ ಕೂರಿಸ್ಕೊಂಡು ಆಸ್ಪತ್ರೆ ಆಸ್ಪತ್ರೆ ಸುತ್ತಿದ್ದಕ್ಕೆ ಬಂದಿದ್ದು. ನಂದು ಇನ್ನು ನೆಟ್ಟಗಾಗಲ್ಲ. ನಿಮ್ಮಕ್ಕಂದು ಇನ್ನೂ ಆಗುತ್ತೆ. ಕಳಿಸ್ತೀಯಾ?”

ನಾವೆಲ್ಲ ಅವರನ್ನು ಯೋಗದ ಆಂಟಿ ಎನ್ನುತ್ತಿದ್ದೆವು. ಅರೆಕೆರೆಯ ಹಳೇ ಮನೆತನದವರು. ಅವರ ಮಾವನ ಕಾಲದ ರಾಗಿ ಹೊಲದ ಮೇಲೆ ಈಗ ಲಿಫ್ಟು, ಜಿಮ್ಮು ಎಲ್ಲ ಇರುವ ಅಪಾರ್ಟ್‌ಮೆಂಟು ನಿಂತಿದೆ. ಮನೆಯಲ್ಲಿ ಬಾಡಿಗೆದಾರರಿದ್ದರು, ಆಳುಕಾಳಿತ್ತು, ಕಾಲು ಚಾಚಿ ಕೂತು ಸೀರಿಯಲ್ ನೋಡುವ ಎಲ್ಲ ಅನುಕೂಲವೂ ಇತ್ತು. ಅವರು ಮಾತ್ರ ದಿನಾ ಮಧ್ಯಾಹ್ನ ಮೂರೂಮುಕ್ಕಾಲಿಗೆ ಏಳು ಚಾಪೆಗಳನ್ನು ಹುಲ್ಲಿನ ಹೊರೆಯ ಹಾಗೆ ಕಟ್ಟಿ, ಸ್ಕೂಟಿಯಲ್ಲಿಟ್ಟುಕೊಂಡು ಬನ್ನೇರುಘಟ್ಟ ರಸ್ತೆಯ ಪಕ್ಕದ ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ನಾಲ್ಕನೇ ಮಹಡಿ ಮಕ್ಕಳ ಕ್ಯಾನ್ಸರ್ ವಾರ್ಡು. ಅಲ್ಲಿ ಬೆಡ್ಡುಗಳ ಪಕ್ಕ ಸ್ಟೂಲಿನ ಮೇಲೆ ಕೂತೇ ಬದುಕುತ್ತಿದ್ದ ತಾಯಂದಿರನ್ನು ಎಬ್ಬಿಸಿ, ಬೇಸ್‌ಮೆಂಟಿನ ಪಾರ್ಕಿಂಗಿಗೆ ಇಳಿಸಿಕೊಂಡು ಹೋಗಿ, ಜನರೇಟರ್ ಪಕ್ಕದ ಮೂಲೆಯಲ್ಲಿ ಇಪ್ಪತ್ತು ನಿಮಿಷ ಯೋಗ ಮಾಡಿಸುವುದು ಅವರ ಕೆಲಸ. ಆ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿರಲಿಲ್ಲ.

ಹನ್ನೊಂದನೇ ಬೆಡ್ಡು ನಮ್ಮದು. ಅಕ್ಕನ ಮಗಳಿಗೆ ಆರು ವರ್ಷ. ರಕ್ತದ ಕ್ಯಾನ್ಸರ್ ಒಮ್ಮೆ ಹೋಗಿ, ಪುನಃ ಬಂದಿತ್ತು. ಮಜ್ಜೆ ಕಸಿ ಮಾಡಲೇಬೇಕು ಎಂದಿದ್ದರು. ಮಜ್ಜೆ ಕೊಡುವವರು ಭಾವ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವರು ಶಿಫ್ಟು ಮುಗಿಸಿ ಸಂಜೆಗಷ್ಟೇ ಬರುತ್ತಿದ್ದರು. ಕಸಿ ಆದಮೇಲೆ ಮಗುವನ್ನು ಒಂದೂವರೆ ತಿಂಗಳಿಗೂ ಹೆಚ್ಚು ಪ್ರತ್ಯೇಕ ಕೋಣೆಯಲ್ಲಿಡುತ್ತಾರೆ. ಜೊತೆಗೆ ಒಬ್ಬರು ಮಾತ್ರ, ಅದೂ ಮೊದಲಿಂದ ಕೊನೆಯವರೆಗೆ ಅವರೇ. ಅಕ್ಕ ಆ ಒಬ್ಬರು ತಾನೇ ಎಂದುಕೊಂಡು ಎರಡು ತಿಂಗಳಿಂದ ಬೆಡ್ಡು ಬಿಟ್ಟು ಅಲ್ಲಾಡಿರಲಿಲ್ಲ. ನಿಂತೇ ಊಟ, ಕೂತೇ ನಿದ್ದೆ, ಅದೂ ಹತ್ತು ಹತ್ತು ನಿಮಿಷ. ಬಿಪಿ ಏರಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ಒಂದು ದಿನ ಬೆಳಗಿನ ಮಾತ್ರೆಗಳನ್ನು ಕೊಟ್ಟಿದ್ದು ಮರೆತು ಮತ್ತೆ ಅವನ್ನೇ ಮಗುವಿನ ಬಾಯಿಯವರೆಗೆ ತಂದಳು. ನರ್ಸ್ ಓಡಿಬಂದು ಕೈ ಹಿಡಿದರು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೀಗೇ ಇದ್ರೆ ನಿಮ್ಮನ್ನ ಒಳಗೆ ಬಿಡಕ್ಕಾಗಲ್ಲಮ್ಮ,” ಎಂದರು. “ಇನ್ನೂ ಆರು ವಾರ ಇದೆ. ಅಷ್ಟ್ರಲ್ಲಿ ನೀವು ಸರಿ ಹೋದ್ರೆ ಸರಿ. ಇಲ್ಲಾಂದ್ರೆ ನಿಮ್ಮ ತಮ್ಮ ಹೋಗ್ಲಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ನಾನು ಮಂಚದ ಕಂಬಿಯಲ್ಲಿದ್ದ ತೂತಿಗೆ ಬೆರಳು ತೂರಿಸಿ, ಅದು ಸಿಕ್ಕಿಹಾಕಿಕೊಂಡು, ಆಯಾ ಸೋಪಿನ ನೀರು ತರುವುದನ್ನೇ ಕಾಯುತ್ತಿದ್ದೆ. ಯಾಕೆ ತೂರಿಸಿದೆ ಎಂದು ಕೇಳಬೇಡಿ. ತೂತಿತ್ತು. ಡಿಗ್ರಿಯ ಒಂದೇ ಪೇಪರನ್ನು ಮೂರನೇ ಸಲ ಬರೆಯುತ್ತಿದ್ದ ಮನುಷ್ಯನಿಂದ ನೀವು ಇನ್ನೇನು ನಿರೀಕ್ಷಿಸಬಹುದು?

“ಮಾಮ ಬೇಡ,” ಎಂದಳು ಅಕ್ಕನ ಮಗಳು, ಮಲಗಿದಲ್ಲಿಂದಲೇ.

ಹೀಗೆ, ಅಕ್ಕನನ್ನು ನೆಟ್ಟಗೆ ನಿಲ್ಲಿಸುವುದು ಇಡೀ ವಾರ್ಡಿನ ತುರ್ತಾಯಿತು. ಆದರೆ ಅಕ್ಕ ಏಳಲೊಲ್ಲಳು. “ಬಿಟ್ ಬಂದಾಗ ಏನಾದ್ರೂ ಆದ್ರೆ?” ಅದೊಂದೇ ಮಾತು. ಯೋಗದ ಆಂಟಿ ಮೂರು ದಿನ ಬಂದು ಕರೆದರು, ಮೂರು ದಿನವೂ ಅದೇ ಉತ್ತರ. ನಾಲ್ಕನೇ ದಿನ ಅವರು ಕರೆಯಲಿಲ್ಲ. ಬೆಡ್ಡಿನ ಅಂಚಿನಲ್ಲಿ ಕೂತರು.

“ನನ್ನ ಮಗ ಹೋದಾಗ ನಾನೂ ಪಕ್ಕದಲ್ಲೇ ಇದ್ದೆ ಕಣಮ್ಮ,” ಎಂದರು, ರೇಷನ್ ಅಂಗಡಿಯ ಕ್ಯೂ ಬಗ್ಗೆ ಹೇಳುವವರ ದನಿಯಲ್ಲಿ. “ಒಂದು ಗಳಿಗೆ ಬಿಟ್ಟು ಹೋದೋಳಲ್ಲ ನಾನು. ನಾಲ್ಕು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ಐದನೇ ದಿನ ಮಂಚದ ಮೇಲೆ ತಲೆ ಇಟ್ಟೋಳು ಸತ್ತ ಹೆಣದಂಗೆ ನಿದ್ದೆ ಹೋದೆ. ಅಮ್ಮ ಅಂದ್ನಂತೆ. ಎರಡು ಸಲ ಅಂದ್ನಂತೆ. ಎದುರು ಬೆಡ್ಡಿನೋರು ಹೇಳಿದ್ದು. ನಂಗೆ ಕೇಳಿಸ್ಲಿಲ್ಲ.”

ಅಕ್ಕ ಸ್ಟೂಲನ್ನು ಅವರ ಕಡೆ ತಿರುಗಿಸಿ ಕೂತಳು.

“ಶಾಂತಿ ಪಾಂತಿ ಅಂತ ನಾನು ಯೋಗ ಮಾಡ್ಸಲ್ಲ. ಶಾಂತಿ ಯಾರಿಗೆ ಬೇಕಾಗೈತೆ? ನಿನ್ನ ಮುಂದೆ ದೊಡ್ಡ ಜಗಳ ಇದೆ. ಆಡಕ್ಕೆ ಮೈಯಲ್ಲಿ ಕಸುವು ಬೇಡ್ವಾ? ಏಳು.”

ಅವರದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಮಗು ನಿದ್ದೆ ಹೋದಾಗ ಕದ್ದು ಬರುವಂತಿಲ್ಲ. ಎಚ್ಚರವಿದ್ದಾಗಲೇ, ಮುಖ ನೋಡಿ, ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತು, ಯಾರಿಗೋಸ್ಕರ ಎಂದು ಹೇಳಿ ಬರಬೇಕು. ಹೇಳಿದ ಹೊತ್ತಿಗೆ ಸರಿಯಾಗಿ ವಾಪಸಾಗಬೇಕು. ಆ ಇಪ್ಪತ್ತು ನಿಮಿಷ ಮಗುವಿನ ಪಕ್ಕ ಬೇರೊಬ್ಬರು ಕೂರಬೇಕು. ನಾಳೆ ಅವರ ಸರದಿ ಬಂದಾಗ ಅವರ ಮಗುವಿನ ಪಕ್ಕ ನೀವು. ಕದ್ದು ಹೋಗುವ ತಾಯಿಯ ಮಗು ಆಮೇಲೆ ಕಣ್ಣು ಮುಚ್ಚಲಿಕ್ಕೇ ಹೆದರುತ್ತದೆ ಎನ್ನುತ್ತಿದ್ದರು.

ಅಕ್ಕ ಮಗಳ ಕೈ ಹಿಡಿದಳು. “ಪುಟ್ಟಿ, ಕೆಳಗೆ ಹೋಗ್ತೀನಿ. ಇಪ್ಪತ್ತು ನಿಮಿಷ.”

“ಯಾಕೆ?”

ಅಕ್ಕ ಆಂಟಿಯ ಕಡೆ ನೋಡಿದಳು. ಆಂಟಿ ಹುಬ್ಬು ಹಾರಿಸಿದರು. “ನಂಗೋಸ್ಕರ,” ಎಂದಳು ಅಕ್ಕ ಕೊನೆಗೆ, ಏನೋ ತಪ್ಪೊಪ್ಪಿಕೊಳ್ಳುವವಳ ಹಾಗೆ.

“ಸರಿ. ಮಾಮನ್ನೂ ಕರ್ಕೊಂಡ್ ಹೋಗು.”

ಆದರೆ ಮಾಮನೇ ಆವತ್ತಿನ ಕಾವಲು. ಮೂರು ಮಕ್ಕಳನ್ನು ನನಗೊಪ್ಪಿಸಿ, ಏನಾದರೂ ಇದ್ದರೆ ಮಾತ್ರ ಫೋನ್ ಮಾಡು ಎಂದು ಹೇಳಿ ಹೋದರು. ನಾನು ಹದಿನಾಲ್ಕು ಸಲ ಮಾಡಿದೆ. ಒಬ್ಬ ಕೆಮ್ಮಿದ, ಮಾಡಿದೆ. ಇನ್ನೊಬ್ಬಳು ಕೆಮ್ಮದೆ ಸುಮ್ಮನಿದ್ದಳು, ಅದೂ ಸಂಶಯ ಬಂತು, ಮಾಡಿದೆ. ಮೂರನೆಯವನು ಲೂಡೊದಲ್ಲಿ ನನ್ನ ನಾಲ್ಕೂ ಕಾಯಿ ಹೊಡೆದ, ಆ ಬೇಜಾರಿಗೆ ಮಾಡಿದೆ. ಹದಿನಾಲ್ಕನೆಯ ಸಲಕ್ಕೆ ಆಂಟಿಯೇ ಎತ್ತಿಕೊಂಡರು. “ಮಗಾ, ಅಲ್ಲಿ ಖಾಲಿ ಬೆಡ್ಡು ಇದ್ರೆ ನೀನೂ ಅಡ್ಮಿಟ್ ಆಗ್ಬುಡು,” ಎಂದು ಇಟ್ಟರು. ಮಾರನೆಯ ದಿನದಿಂದ ನನ್ನನ್ನೂ ಚಾಪೆಗೆ ಹಾಕಿಕೊಂಡರು. ಆಗ ಗೊತ್ತಾಯಿತು, ನನ್ನ ಕೈಗೂ ನನ್ನ ಕಾಲ್ಬೆರಳಿಗೂ ಜೀವಮಾನದಲ್ಲಿ ಪರಿಚಯವೇ ಆಗಿಲ್ಲ ಎಂದು. ಉಸಿರು ಬಿಡಿ ಎಂದಾಗ ಎಳೆದುಕೊಳ್ಳುತ್ತಿದ್ದೆ, ಬಲಗೈ ಎಂದಾಗ ಎಡಗಾಲು. ಒಂದು ದಿನ ಚಾಪೆಯನ್ನು ರ‍್ಯಾಂಪಿನ ಇಳಿಜಾರಿನ ಮೇಲೆ ಹಾಸಿಕೊಂಡು ಕಾಲು ಮೇಲೆತ್ತಿದವನು, ಚಾಪೆಯ ಸಮೇತ ಜಾರಿ ನಿಂತಿದ್ದ ಆಂಬುಲೆನ್ಸಿನ ಹಿಂಬಾಗಿಲಿಗೆ ಹೋಗಿ ಮುಟ್ಟಿದೆ. ಡ್ರೈವರ್ ಇಳಿದು ಬಂದು “ಎಲ್ಲಿಂದ ಬಂದ್ರಿ ಸಾರ್?” ಎಂದು ಕೇಳಿದ. ಎರಡು ತಿಂಗಳಲ್ಲಿ ಮೊದಲ ಸಲ ಅಕ್ಕ ನಕ್ಕದ್ದು ಆವತ್ತು. ಬಿದ್ದದ್ದಕ್ಕೆ ಬೇಜಾರಿಲ್ಲ.

ಎಲ್ಲ ಮುಗಿದಮೇಲೆ ಕಣ್ಣು ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಡುವುದಿತ್ತು. ಪಕ್ಕದ ಜನರೇಟರೂ ಅದನ್ನೇ ಮಾಡುತ್ತಿತ್ತು. “ಅದಕ್ಕಿಂತ ಜೋರಾಗಿ,” ಎನ್ನುತ್ತಿದ್ದರು ಆಂಟಿ. “ಅದು ಡೀಸೆಲ್ ಕುಡ್ದು ಅಷ್ಟು ಮಾಡ್ತದೆ. ನೀವು ಅನ್ನ ತಿಂದಿಲ್ವಾ?”

ಎರಡನೇ ವಾರ ಸೆಕ್ಯೂರಿಟಿಯವರು ಅಡ್ಡ ಬಂದರು. ಪಾರ್ಕಿಂಗಿನಲ್ಲಿ ಜನ ಮಲಗುತ್ತಾರೆ ಎಂದು ಯಾರೋ ಮೇಲೆ ದೂರು ಕೊಟ್ಟಿದ್ದರು. “ಆರ್ಡರ್ ಬಂದಿದೆ ಮೇಡಂ. ಇಲ್ಲಿ ಗಾಡಿ ಮಾತ್ರ ನಿಲ್ಲಿಸ್ಬೇಕು.”

“ಟೂ ವೀಲರ್ ಎಷ್ಟೊತ್ತು ನಿಲ್ಲಿಸ್ಬೋದಪ್ಪ?”

“ಚೀಟಿ ತಗೊಂಡ್ರೆ ಎರಡು ಗಂಟೆ.”

“ಏಳು ಚೀಟಿ ಹರಿ.”

“ಗಾಡಿ ಎಲ್ಲಿ ಮೇಡಂ?”

ಆಂಟಿ ಸಾಲಾಗಿ ನಿಂತ ತಾಯಂದಿರ ಕಡೆ ಕೈ ತೋರಿಸಿದರು. “ಇವೇ. ಎರಡು ತಿಂಗಳಿಂದ ಸರ್ವಿಸ್ ಆಗಿಲ್ಲ. ಒಂದು ಸ್ಕೂಟರ್ ನಿಲ್ಲೋ ಜಾಗದಲ್ಲಿ ಒಂದು ಚಾಪೆ ಹಿಡೀತದೆ. ಅಳತೆ ಬೇಕಿದ್ರೆ ಹಾಕ್ಕೋ.”

“ಚೀಟೀಲಿ ಗಾಡಿ ನಂಬರ್ ಬರೀಬೇಕು ಮೇಡಂ.”

“ಬೆಡ್ ನಂಬರ್ ಬರಿ.”

ಆತ ಬರೆದ. ಅಕ್ಕನ ಚೀಟಿಯಲ್ಲಿ ಹನ್ನೊಂದು ಎಂದಿತ್ತು. ದಿನಾ ಚೀಟಿ ಹರಿಸುತ್ತಿದ್ದರು. ಚೀಟಿ ಇದ್ದ ಗಾಡಿಯನ್ನು ಎತ್ತಿಸುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಒಂದು ಬಿಳಿ ಕಾರಿನಿಂದ ಬಂತು. ಮೇಲೆ ವಾರ್ಡಿನಲ್ಲಿ ಔಷಧಿ ಮುಗಿದರೆ ಡ್ರಿಪ್ ಮೆಷಿನ್ನು ಬೀಪ್ ಬೀಪ್ ಎನ್ನುತ್ತದೆ. ಆ ಸದ್ದಿಗೆ ತಾಯಂದಿರು ಯೋಚಿಸುವ ಮೊದಲೇ ಎದ್ದು ನಿಂತಿರುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಾಗ, ಅಂಕಲ್ ಒಬ್ಬರು ಅಲ್ಲೇ ಪಕ್ಕದಲ್ಲಿ ಕಾರು ರಿವರ್ಸ್ ತೆಗೆದರು. ಅದೇ ಸದ್ದು. ಏಳೂ ತಾಯಂದಿರು ಎದ್ದು ಬರಿಗಾಲಲ್ಲಿ, ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಓಡಿದರು. ನಾನೂ ಓಡಿದೆ. ನನಗೆ ಮೆಟ್ಟಿಲು ಸಿಗಲಿಲ್ಲ, ಕಂಬ ಸಿಕ್ಕಿತು. ಮೇಲೆ ಮಕ್ಕಳೆಲ್ಲ ಚೆನ್ನಾಗಿಯೇ ಇದ್ದರು. ಏದುಸಿರು ಬಿಡುತ್ತ ನುಗ್ಗಿದ ಅಮ್ಮಂದಿರನ್ನು ನೋಡಿ ಇಬ್ಬರು ಅತ್ತರು.

ಮಾರನೆಯ ದಿನ ಆಂಟಿ ಆ ಕಾರಿನವರನ್ನು ಕಾದು ಹಿಡಿದರು. “ಸಾರ್, ಒಸಿ ಉಪಕಾರ ಮಾಡಿ. ಗಾಡಿ ಹತ್ತು ಸಲ ಹಿಂದಕ್ಕೆ ತಗೊಳ್ಳಿ, ಮುಂದಕ್ಕೆ ತಗೊಳ್ಳಿ.”

“ಯಾಕ್ ಮೇಡಂ?”

“ಇವರಿಗೆ ನಿಮ್ಮ ಗಾಡಿ ಯಾವ್ದು, ಮಕ್ಕಳ ಮೆಷಿನ್ ಯಾವ್ದು ಅಂತ ಮೈಗೆ ಗೊತ್ತಾಗ್ಬೇಕು.”

ಅಂಕಲ್ ಏನೂ ಅರ್ಥವಾಗದೆ ಸ್ಟಿಯರಿಂಗ್ ಹಿಡಿದರು. ಮೊದಲ ಬೀಪಿಗೆ ಏಳೂ ಜನ ಮೊಣಕೈ ಊರಿ ಎದ್ದರು. “ಎದ್ದಿದ್ದು ತಪ್ಪಲ್ಲ,” ಎಂದರು ಆಂಟಿ. “ಮಲ್ಕೊಳ್ಳಿ. ಸಾರ್, ಇನ್ನೊಂದ್ಸಲ.” ನಾಲ್ಕನೆಯ ಸಲಕ್ಕೆ ಮೂವರು ಎದ್ದರು. ಏಳನೆಯದಕ್ಕೆ ಅಕ್ಕ ಒಬ್ಬಳೇ. ಆಂಟಿ ಬಂದು ಅವಳ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. “ಉಸಿರು ಬಿಡವ್ವ. ಪೂರ್ತಿ ಬಿಡು. ಮೇಲೆ ಆರನೇ ಬೆಡ್ಡಿನೋಳು ಕೂತವಳೆ, ಅವಳು ನಿನ್ನ ಮಗೂನ ಬಿಡಲ್ಲ.” ಹತ್ತು ಮುಗಿದ ಮೇಲೂ ಅಂಕಲ್ ಲೆಕ್ಕ ತಪ್ಪಿ ಹನ್ನೊಂದನೆಯದು ಹೊಡೆದರು. ಅಕ್ಕ ಏಳಲಿಲ್ಲ. ಅವಳ ಮುಷ್ಟಿ ಬಿಚ್ಚಿಕೊಂಡಿತ್ತು. ಅವಳಿಗೆ ನಿದ್ದೆ ಬಂದುಬಿಟ್ಟಿತ್ತು. ಆ ಅಂಕಲ್ಲಿನ ಮೊಮ್ಮಗ ಮೂರನೇ ಮಹಡಿಯಲ್ಲಿದ್ದನಂತೆ. ಮಾರನೆಯ ದಿನದಿಂದ ಅವರೂ ತಮಗೊಂದು ಚೀಟಿ ಹರಿಸಿಕೊಳ್ಳತೊಡಗಿದರು.

ಯಡಿಯೂರಿನಿಂದ ಅಕ್ಕನ ಅತ್ತೆ ಬಂದದ್ದು ಐದನೇ ವಾರ. ಮೊಮ್ಮಗಳನ್ನು ನೋಡಲು ಬಂದವರು ಪಾರ್ಕಿಂಗಿನಲ್ಲಿ ಗೋಡೆಗೆ ಕಾಲು ಚಾಚಿ ಮಲಗಿದ್ದ ಸೊಸೆಯನ್ನು ನೋಡಿದರು. “ಮಗು ಮೇಲೆ ಆ ಸ್ಥಿತೀಲಿದೆ. ಇವಳು ಇಲ್ಲಿ ಹಾಯಾಗಿ ಕಾಲು ಚಾಚ್ಕೊಂಡಿದಾಳೆ. ತಾಯಿನಾ ಇವಳು?”

ಅಕ್ಕ ಏಳಲು ಹೋದಳು. ಆಂಟಿ ಅವಳ ಕಾಲು ಒತ್ತಿ ಹಿಡಿದರು. “ಇನ್ನೂ ಐದು ನಿಮಿಷ ಐತೆ. ಏಳ್ಬೇಡ.” ಆಮೇಲೆ ಅತ್ತೆಯ ಕಡೆ ತಿರುಗಿ, “ತಾಯಿ ಅಂತಲೇ ಮಲಗಿಸಿರೋದು ಕಣಮ್ಮ. ಬೈಯೋದಿದ್ರೆ ನನ್ನ ಬೈಯಿ. ನನಗೂ ನಮ್ಮತ್ತೆ ಇದೇ ಅಂದಿದ್ರು. ಅವರ ಮಾತು ಕೇಳ್ಕೊಂಡು ನಾನು ಮಗನ್ನ ಉಳಿಸ್ಕೊಳ್ಳಲಿಲ್ಲ.”

ಅತ್ತೆ ಮೇಲೆ ಹೋದರು. ಒಪ್ಪಿದರು ಎಂದುಕೊಳ್ಳಬೇಡಿ. ಒಂದು ವಾರ ಅಕ್ಕನ ಜೊತೆ ಮಾತು ಬಿಟ್ಟರು. ಆ ಒಂದು ವಾರದಲ್ಲಿ ಅಕ್ಕನ ಬಿಪಿ ಇನ್ನಷ್ಟು ಇಳಿಯಿತು.

ಕಸಿಯ ಕೋಣೆಗೆ ಹೋಗಲು ನಾಲ್ಕು ದಿನ ಉಳಿದಿತ್ತು. ಅಕ್ಕ ಈಗ ರಾತ್ರಿ ಐದು ತಾಸು ಮಲಗುತ್ತಿದ್ದಳು, ಕೂತು ಊಟ ಮಾಡುತ್ತಿದ್ದಳು, ಮಾತ್ರೆ ಕೊಟ್ಟ ಕೂಡಲೇ ಗೋಡೆಯ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು. ಆವತ್ತು ಮೂರೂಮುಕ್ಕಾಲಾದರೂ ಸ್ಕೂಟಿ ಬರಲಿಲ್ಲ. ನಾಲ್ಕಕ್ಕೆ ಸೆಕ್ಯೂರಿಟಿಯವರೇ ಮೇಲೆ ಬಂದರು, ಟೋಪಿ ಕೈಯಲ್ಲಿ ಹಿಡಿದುಕೊಂಡು. ಆಂಟಿಯ ನಂಬರಿಗೆ ಫೋನ್ ಮಾಡಿದ್ದರಂತೆ, ಮನೆಯವರು ಎತ್ತಿದರಂತೆ. ಆಂಟಿ ಮಧ್ಯಾಹ್ನ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಹೃದಯ.

ನಾನು ಅಕ್ಕನ ಮುಖ ನೋಡಿದೆ. ಇಲ್ಲಿಗೆ ಮುಗಿಯಿತು, ಇನ್ನು ಆ ಕೋಣೆಗೆ ನಾನೇ ಗತಿ ಎಂದುಕೊಂಡೆ.

ಅಕ್ಕ ನರ್ಸ್ ಹತ್ತಿರ ಹೋಗಿ ಏನೋ ಕೇಳಿದಳು. ಬಂದು ಚಪ್ಪಲಿ ಹಾಕಿಕೊಂಡಳು. ಅವಳ ಅತ್ತೆ ಆವತ್ತು ಅಲ್ಲೇ ಇದ್ದರು. “ಎಲ್ಲಿಗೆ?” ವಾರದ ನಂತರ ಅವರು ಆಡಿದ ಮೊದಲ ಮಾತು.

“ಅರೆಕೆರೆಗೆ.”

“ಸಾವಿನ ಮನೆಗಾ? ಸಾವಿನ ಮನೆಗೆ ಹೋಗಿ ಬಂದು ಈ ಮಗೂನ ಮುಟ್ತೀಯಾ?”

“ಮಾಸ್ಕ್ ಹಾಕ್ಕೊಂಡು ಹೋಗ್ತೀನಿ. ಬಂದು ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಆಮೇಲೆ ಮುಟ್ತೀನಿ. ಸಿಸ್ಟರ್ ಆಗ್ಬಹುದು ಅಂದಿದಾರೆ.” ಕೊರಳಲ್ಲಿದ್ದ ಅಟೆಂಡರ್ ಪಾಸು ತೆಗೆದು ಅತ್ತೆಯ ಕೈಗಿಟ್ಟಳು. “ಅಲ್ಲೀವರೆಗೂ ನೀವು ಕೂತ್ಕೊಳ್ಳಿ ಅತ್ತೆ.” ಮಗಳ ಕಡೆ ಬಗ್ಗಿ, “ಪುಟ್ಟಿ, ಯೋಗದ ಅಜ್ಜಿ ತೀರ್ಕೊಂಡ್ರು. ನೋಡ್ಕೊಂಡ್ ಬರ್ತೀನಿ. ಏಳು ಗಂಟೆಗೆ ಇಲ್ಲಿರ್ತೀನಿ. ಅಲ್ಲೀವರೆಗೂ ನಿನ್ನ ಅಜ್ಜಿ ಪಕ್ಕದಲ್ಲೇ ಇರ್ತಾರೆ,” ಎಂದಳು.

ಅತ್ತೆ ಪಾಸನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಬೈಯುತ್ತಲೇ ಕೂತರು, ಆದರೆ ಕೂತರು.

ಅರೆಕೆರೆಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾವು ಆಸ್ಪತ್ರೆಯವರು ಎಂದು ತಿಳಿದಾಗ ಆಂಟಿಯ ಯಜಮಾನರು ಎದ್ದು ಬಂದರು. ಮಗಳೂ ಬಂದರು. “ನಮ್ಮಮ್ಮ ಅಲ್ಲಿ ಏನು ಕೆಲಸ ಮಾಡ್ತಿದ್ರು?” ಎಂದು ಕೇಳಿದರು ಮಗಳು.

“ಯೋಗ ಹೇಳಿಕೊಡ್ತಿದ್ರು,” ಎಂದೆ.

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. “ಯೋಗನಾ? ಇವಳಾ?” ಎಂದರು ಯಜಮಾನರು. “ಇವಳಿಗೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರಕ್ಕೇ ಮಂಡಿ ಬಗ್ತಿರ್ಲಿಲ್ಲ ಕಣಪ್ಪ. ದೇವಸ್ಥಾನಕ್ಕೆ ಚಾಪೆ ಕೊಡ್ತೀನಿ ಅಂತ ಒಯ್ತಿದ್ಲು.” ಮಗಳು ಮಾತ್ರ ತಡೆದು ಹೇಳಿದರು, ಬೆಳಿಗ್ಗೆ ಐದಕ್ಕೆ ಎದ್ದು ಟೀವಿ ಸೌಂಡು ಕಮ್ಮಿ ಮಾಡಿಕೊಂಡು ಏನೋ ನೋಡುತ್ತಿದ್ದರು, ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು ಎಂದು. ಆಗ ನನಗೆ ಹೊಳೆಯಿತು, ಅವರು ನಮಗೆ ಯಾವ ಆಸನವನ್ನೂ ಮಾಡಿ ತೋರಿಸಿದ್ದೇ ಇಲ್ಲ. ಬಾಯಲ್ಲಿ ಹೇಳಿ, ನಮ್ಮ ಮೈ ಹಿಡಿದು ತಿದ್ದಿದ್ದರು ಅಷ್ಟೆ. ಪ್ರಪಂಚದಲ್ಲಿ ನನಗಿಂತ ಕೆಟ್ಟದಾಗಿ ಯೋಗ ಮಾಡುವವರು ಒಬ್ಬರಿದ್ದರು, ಅವರೇ ನನ್ನ ಟೀಚರು.

ಅಕ್ಕ ಒಳಗೆ ಅವರ ತಲೆಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಯಾರೋ ಹೆಂಗಸು ಅವಳ ಭುಜ ಸವರಿ, “ಅತ್ಬುಡವ್ವ, ಒಳಗಿಟ್ಕೋಬೇಡ,” ಎಂದರು.

“ಅಳ್ತೀನಮ್ಮ. ಈಗಲ್ಲ,” ಎಂದಳು ಅಕ್ಕ. “ಒಂದು ಕೆಲಸ ಬಾಕಿ ಇದೆ.”

ಏಳಕ್ಕೆ ಐದು ನಿಮಿಷವಿರುವಾಗ ಅವಳು ಒದ್ದೆ ಕೂದಲಲ್ಲಿ ಹನ್ನೊಂದನೇ ಬೆಡ್ಡಿನ ಪಕ್ಕ ಇದ್ದಳು.

ನಾಲ್ಕನೇ ದಿನ ಡಾಕ್ಟರಮ್ಮ ಬಿಪಿ ನೋಡಿದರು, ಪುನಃ ನೋಡಿದರು. ಮಾತ್ರೆಗಳ ಹೆಸರು, ಹೊತ್ತು ಕೇಳಿದರು. ಅಕ್ಕ ಹದಿನಾರನ್ನೂ ಪಟ್ಟಿ ನೋಡದೆ ಹೇಳಿದಳು. “ನಿನ್ನೆ ಎಷ್ಟು ಹೊತ್ತು ಮಲಗಿದ್ರಿ?”

“ಐದೂವರೆ ಗಂಟೆ.”

“ಸರಿ. ನೀವೇ ಬನ್ನಿ.” ಆಮೇಲೆ ನನ್ನ ಕಡೆ ನೋಡಿ, “ನೀವು ಹೊರಗಡೆನೇ ಇರಿ,” ಎಂದರು. ಕೇಳಿರಲೇ ಇಲ್ಲ ನಾನು.

ಬಾಗಿಲು ಮುಚ್ಚಿಕೊಂಡಿತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ಹೋದರೆ ಎಲ್ಲರೂ ಬರೀ ಸಿಮೆಂಟಿನ ಮೇಲೆ ಕೂತಿದ್ದರು, ಮುಂದೆ ಯಾರೂ ಇಲ್ಲದೆ. ಕಾರಿನ ಅಂಕಲ್ ನನ್ನನ್ನು ನೋಡಿದರು. “ಏನ್ ಗುರು, ನಿಂಗೆ ಏನಾದ್ರೂ ಬರುತ್ತಾ?”

“ಏನೂ ಬರಲ್ಲ ಅಂಕಲ್.”

“ಅವರಿಗೂ ಬರ್ತಿರ್ಲಿಲ್ಲವಂತಲ್ಲ. ಶುರು ಮಾಡು.”

ಮಾಡಿದೆ. ಮೊದಲ ದಿನ ಎಡ ಬಲ ಅದಲುಬದಲಾಗಿ ಅರ್ಧ ಜನ ಪೂರ್ವಕ್ಕೂ ಅರ್ಧ ಜನ ಪಶ್ಚಿಮಕ್ಕೂ ತಿರುಗಿ ಕೂತರು. ಆದರೂ ಯಾರೂ ಬಿಟ್ಟು ಹೋಗಲಿಲ್ಲ. ಒಳಗೆ ಅಕ್ಕನಿಗೆ ಸುಲಭದ ದಿನಗಳೇನೂ ಇರಲಿಲ್ಲ. ಮಗುವಿಗೆ ಜ್ವರ ಏರಿತು, ಬಾಯಿಯೆಲ್ಲ ಹುಣ್ಣಾಯಿತು, ಒಂದು ಹಂತದಲ್ಲಿ ಡಾಕ್ಟರುಗಳೇ ಮಾತು ಕಡಿಮೆ ಮಾಡಿದರು. ನಾನು ಗಾಜಿನ ಹೊರಗಿನಿಂದ ಫೋನಿನಲ್ಲಿ ಅತ್ತರೆ ಅಕ್ಕ ಒಳಗಿನಿಂದ, “ಅಳೋದಾದ್ರೆ ಆಮೇಲೆ ಮಾಡು, ನಂಗೆ ಈಗ ಮಲಗೋ ಟೈಮು,” ಎಂದು ಇಡುತ್ತಿದ್ದಳು. ಮಲಗುತ್ತಿದ್ದಳು ಕೂಡ. ಅವಳ ಮಗಳು ಅಮ್ಮ ಎಂದಾಗಲೆಲ್ಲ ಏಳುತ್ತಿದ್ದಳು, ಒಂದೇ ಕೂಗಿಗೆ.

ಐವತ್ತೊಂದನೆಯ ದಿನ ಸೆಕ್ಯೂರಿಟಿಯವರು ಮೆಟ್ಟಿಲಿಳಿದು ಓಡಿ ಬಂದರು. “ಸಾರ್, ನಿಮ್ಮಕ್ಕ ಹೊರಗೆ ಬಂದ್ರು. ಮಗೂನೇ ಕೇಳ್ತಿದೆ ನಿಮ್ಮನ್ನ.”

ಎಂಟು ಜನ ಅಂಗಾತ ಮಲಗಿದ್ದರು. ಬಿಟಿಎಂ ಲೇಔಟಿನಿಂದ ಬಂದಿದ್ದ ಹೊಸ ತಾಯಿಯೊಬ್ಬರು ಆವತ್ತೇ ಮೊದಲ ಸಲ ಮಗುವನ್ನು ಬಿಟ್ಟು ಕೆಳಗಿಳಿದಿದ್ದರು. ಅವರು ಕಣ್ಣು ಬಿಟ್ಟು, “ಹೋಗಪ್ಪ, ನಮಗೇನಂತೆ,” ಎನ್ನುತ್ತ ತಾವೂ ಏಳತೊಡಗಿದರು.

ನನ್ನ ಕಾಲುಗಳು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದವು. ಮೂಗು ಸೋರುತ್ತಿತ್ತು. ತಿರುಗಿ ಬಂದು ಅವರ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತೆ.

“ಇನ್ನೂ ಆರು ನಿಮಿಷ ಇದೆ ಮೇಡಂ,” ಎಂದೆ. “ಮಲ್ಕೊಳ್ಳಿ.”